ಕೆಂಪಿಯ ಮೂಗು

ಕೆಂಪಿ ಎಂಬ ಆ ನಾಯಿಯ ಮೂಗೆಂದರೆ ಸಾಮಾನ್ಯವೇ! ಮೂರು ಊರಾಚೆ ಒಗ್ಗರಣೆ ಹಾಕಿದರೆ, ಸಾಸಿವೆ ಸೀದಿದೆಯೋ ಇಲ್ಲವೋ ಎಂದು ಇಲ್ಲಿಂದಲೇ ಹೇಳಿಬಿಡುವಂಥದ್ದು. ಪ್ರಯೋಗಾಲಯದಲ್ಲಿ ಅದಕ್ಕೆ ಕಲಿಸಿದ್ದು ಒಂದೇ ವಿದ್ಯೆ: ಕ್ಯಾನ್ಸರ್ ವಾಸನೆ ಸಿಕ್ಕಿದರೆ ಅದರ ಮುಂದೆ ಕೂರುವುದು. ಕಲಿಸಿದ ವಿಜ್ಞಾನಿಗೋ, ಯಮನ ಕೋಣವನ್ನೇ ಪಳಗಿಸಿದಷ್ಟು ಜಂಭ.

ಆ ಮಧ್ಯಾಹ್ನ ಹೆಂಡತಿ ಊಟದ ಕ್ಯಾರಿಯರ್ ತಂದು ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಕೆಂಪಿ ಸಾಲಾಗಿಟ್ಟ ರೋಗಿಗಳ ಮೂತ್ರದ ಸೀಸೆಗಳನ್ನೆಲ್ಲ ಬಿಟ್ಟು, ನೇರವಾಗಿ ಬಂದು ಅವನ ಮುಂದೆ ಕೂತಿತು.

ಅವನ ಎದೆ ಹೊಡೆದುಕೊಂಡ ಸದ್ದಿಗೆ ಕಿಟಕಿಯ ಗಾಜುಗಳೆಲ್ಲ ಅದುರಿದವು.

"ಊಟದ ವಾಸನೆಗೆ ಬಂದಿದೆ ಕಣ್ರೀ. ಅದಕ್ಯಾಕೆ ಹಂಗೆ ಬೆವರ್ತೀರಿ?" ಎಂದಳು ಹೆಂಡತಿ.

"ಮಟನ್ ಇಟ್ರೂ ಅದು ಕೂರಲ್ಲ ಕಣೇ." ಅವನು ಹಣೆ ಒರೆಸಿಕೊಂಡ. "ರೋಗಕ್ಕೆ ಮಾತ್ರ ಕೂರೋದು."

ನಾಯಿ ನೋಡಿಕೊಳ್ಳುವ ಚೌಡಪ್ಪ ಮೆಲ್ಲಗೆ ಹೇಳಿದ: "ಸಾರ್, ಒಸಿ ಪಕ್ಕಕ್ಕೆ ಬನ್ನಿ. ನಿಮ್ ಹಿಂದೆ ಬತ್ತದಾ ನೋಡಾಣ."

ಅವನು ಉಸಿರು ಬಿಗಿಹಿಡಿದು ಗೋಡೆಯವರೆಗೆ ಸರಿದ. ಅಷ್ಟರಲ್ಲೇ ಅವನ ಅರ್ಧ ತಲೆ ನೆರೆತುಹೋಗಿರಬೇಕು. ಕೆಂಪಿ ಕೂತಲ್ಲಿಂದ ಕದಲಲಿಲ್ಲ.

"ನಾನಲ್ಲ! ನೋಡೋ ಚೌಡಪ್ಪ, ನಾನಲ್ಲ!" ಸತ್ತು ಹುಟ್ಟಿದವನಂತೆ ಅವನು ಕುಣಿದಾಡಿಬಿಟ್ಟ.

"ನಾನು ಹೇಳ್ಲಿಲ್ವಾ, ಪುಕ್ಕಲ!" ಹೆಂಡತಿ ನಗುತ್ತ ಕ್ಯಾರಿಯರನ್ನು ಮೇಜಿನ ಮೇಲಿಟ್ಟು ಅವನ ಬಳಿಗೆ ನಡೆದಳು.

ಕೆಂಪಿ ಕ್ಯಾರಿಯರನ್ನು ಮೂಸಲೂ ಇಲ್ಲ. ಎದ್ದು ಹೋಗಿ ಅವಳ ಮುಂದೆ ಕೂತಿತು.