ಇದ್ದಿಲು ಕಟ್ಟಿದ ಡಬ್ಬಿ

ಈ ಶನಿವಾರವೂ ರತ್ನಾಬಾಯಿ ಮೊದಲ ನೂರು ರೂಪಾಯಿ ಹಾಕಿದ್ದು ಇದ್ದಿಲಿನ ಡಬ್ಬಿಗೇ. ಜೋಳಕ್ಕೆ ಇನ್ನೂ ಕೊಟ್ಟಿಲ್ಲ, ಕರೆಂಟಿಗೆ ಕೊಟ್ಟಿಲ್ಲ, ಮೊದಲ ಮರ್ಯಾದೆ ಅದಕ್ಕೆ. ಬಾಗಿಲ ಬೆಳಕಿಗೆ ಹೊಲಿಗೆ ಮಷಿನ್ ಹಾಕಿಕೊಂಡು ಕೂತಿದ್ದ ಸೊಸೆ ಸುಶ್ಮಿತಾ ಜಂಪರಿನ ತೋಳನ್ನು ಅರ್ಧಕ್ಕೆ ನಿಲ್ಲಿಸಿ ಅತ್ತೆಯ ಕೈಯನ್ನೇ ನೋಡಿದಳು. ಮದುವೆಯಾಗಿ ಇಳಕಲ್ಲಿಗೆ ಬಂದು ತಿಂಗಳಾಗುತ್ತ ಬಂತು. ನಾಲ್ಕು ಶನಿವಾರವೂ ಇದೇ ಕಥೆ.

ರತ್ನಾಬಾಯಿಗೆ ಓದು ಬರುವುದಿಲ್ಲ, ಆದರೆ ಮನೆಯ ಲೆಕ್ಕವನ್ನು ಯಾರ ಕೈಗೂ ಬಿಟ್ಟುಕೊಡುವವಳಲ್ಲ. ಗಂಡ ಬಾಬಣ್ಣನ ಮಗ್ಗದ ಮಜೂರಿ, ಮಗ ರಾಜಕುಮಾರನ ಗ್ರಾನೈಟ್ ಪಾಲಿಶಿನ ಪಗಾರ, ಎರಡನ್ನೂ ಚಾಪೆಯ ಮೇಲೆ ಹರಡಿ ಐದು ಡಬ್ಬಿಗೆ ಹಂಚುತ್ತಾಳೆ. ಫೋನಿಗೆ ಬಂದ ರೊಕ್ಕವನ್ನು ಅವಳು ನಂಬುವುದಿಲ್ಲ. ಮಗ ಅದನ್ನು ಎಟಿಎಮ್ಮಿನಿಂದ ತೆಗೆದು ತಂದು ಎದುರಿಗಿಡಬೇಕು. ಪ್ರತಿ ಡಬ್ಬಿಯ ಮುಚ್ಚಳಕ್ಕೂ ದಾರದಿಂದ ಒಂದೊಂದು ಗುರುತು ಕಟ್ಟಿದ್ದಾಳೆ. ಜೋಳದ ತೆನೆ ಸಂತೆಗೆ, ಸುಟ್ಟ ಬಲ್ಬು ಕರೆಂಟಿಗೆ, ಖಾಲಿ ಗುಳಿಗೆಪಟ್ಟಿ ದವಾಖಾನೆಗೆ, ಹಸಿರು ಬಳೆ ಮದುವೆಮನೆಯಲ್ಲಿ ಉಡುಗೊರೆ ಕೊಡುವ ಆಯೇರಿಗೆ. ಇಷ್ಟು ಸುಶ್ಮಿತಾಗೆ ಎರಡೇ ದಿನದಲ್ಲಿ ತಿಳಿದಿತ್ತು. ಐದನೆಯದಕ್ಕೆ ಒಂದು ಇದ್ದಿಲ ಚೂರು. ಮನೆಯಲ್ಲಿ ಗ್ಯಾಸಿದೆ, ಇದ್ದಿಲಿಗೇನು ಖರ್ಚು?

"ಅತ್ತಿ, ಇದು ಯಾರ ಪಾಲ್ರಿ?" ಕೊನೆಗೂ ಕೇಳಿಬಿಟ್ಟಳು.

"ಬರೋ ದಿನಾ ಬಂದು ಇಸ್ಕೊಂಡು ಹೋಗತೈತಿ," ಎಂದಳು ರತ್ನಾಬಾಯಿ, ತುಟಿಯಂಚಿನಲ್ಲಿ ನಗುತ್ತ. "ಅಂದಂಗ, ನಿನ್ನ ಹೊಲಿಗಿ ರೊಕ್ಕಾನೂ ಇದರಾಗ ಹಾಕ್ತಿದ್ದರ ಹಾಕವಾ. ಜುಲುಮಿ ಏನಿಲ್ಲ."

ಸುಶ್ಮಿತಾ ತಲೆ ತಗ್ಗಿಸಿ ಮತ್ತೆ ಮಷಿನ್ ತುಳಿದಳು. ಕಮತಗಿಯ ತವರಿನಲ್ಲಿ ಅಪ್ಪನ ಹತ್ತಿರವೂ ಹೀಗೇ ಹೆಸರಿಲ್ಲದ ರೊಕ್ಕ ಇರುತ್ತಿತ್ತು. ಕೇಳಿದರೆ "ಸುಮ್ನ ಇಟ್ಟೇನಿ" ಎನ್ನುತ್ತಿದ್ದ. ಅದು ನಂಬರ್ ಹಚ್ಚುವ ಓಸಿ ಆಟದ ರೊಕ್ಕ ಎಂದು ಗೊತ್ತಾಗುವ ಹೊತ್ತಿಗೆ ಅವ್ವನ ಬಂಗಾರದ ಬೋರಮಾಳ ಸರ ಮಾರಿ ಹೋಗಿತ್ತು. ಈಗ ಮಷಿನ್ನಿನ ಡ್ರಾಯರಿನಲ್ಲಿ ಸುಶ್ಮಿತಾಳ ಸ್ವಂತ ಗಳಿಕೆ ಸಾವಿರದಿನ್ನೂರು ರೂಪಾಯಿ ಇತ್ತು. ಇದ್ದಿಲಿನ ಡಬ್ಬಿಯ ರೊಕ್ಕ ಯಾರು ಒಯ್ಯುತ್ತಾರೆಂದು ತಿಳಿಯುವವರೆಗೆ ತನ್ನದರಲ್ಲಿ ಒಂದು ರೂಪಾಯಿಯನ್ನೂ ಹೊರಗೆ ತೆಗೆಯಬಾರದೆಂದು ನಿಶ್ಚಯಿಸಿದಳು.

ಮಂಗಳವಾರ ಅಮಾವಾಸ್ಯೆ ಬಂತು. ಅಂದು ನೇಕಾರರ ರೂಢಿಯಂತೆ ಬಾಬಣ್ಣ ಲಾಳಿ ಮುಟ್ಟುವುದಿಲ್ಲ. ಸ್ನಾನ ಮಾಡಿ, ಮಗ್ಗಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಕಟ್ಟೆಯ ಮೇಲೆ ಆರಾಮಾಗಿ ಕೂತ. ರತ್ನಾಬಾಯಿ ಮಾತ್ರ ನಸುಕಿನಲ್ಲೇ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ಲಟ್ಟಿಸುತ್ತ ನಿಂತವಳು ಊಟದ ಹೊತ್ತಿನವರೆಗೂ ನಿಂತೇ ಇದ್ದಳು. ಪಕ್ಕದಲ್ಲಿ ಹೋಳಿಗೆ ಬೇಯಿಸುತ್ತಿದ್ದ ಸುಶ್ಮಿತಾಳ ಕಾಲೂ ಸೋತವು, ಡಬ್ಬಿಯ ರೊಕ್ಕ ಒಯ್ಯುವವರು ಇಂದೇ ಬಂದಾರೆಂದು ಕಣ್ಣು ಮಾತ್ರ ಬಾಗಿಲಿಗೇ ನೆಟ್ಟಿತ್ತು. ಯಾರೂ ಬರಲಿಲ್ಲ. ಊಟ ಮುಗಿದ ಮೇಲೆ ಅತ್ತೆ ಇದ್ದಿಲಿನ ಡಬ್ಬಿ ಇಳಿಸಿ, ನೂರರ ನಾಲ್ಕು ನೋಟು ತೆಗೆದು ಗಂಡನ ಕೈಗೆ ಕೊಟ್ಟಳು.

"ತಗೋರಿ, ಇವತ್ತಿನ ಮಜೂರಿ."

ಬಾಬಣ್ಣ ನೋಟುಗಳನ್ನು ಕಣ್ಣಿಗೊತ್ತಿಕೊಂಡ. ಮೂರನ್ನು ತಾನೇ ಜೋಳದ ತೆನೆಯ ಡಬ್ಬಿಗೆ ಹಾಕಿ, ಒಂದನ್ನು ಅಂಗಿಯ ಕಿಸೆಗಿಳಿಸಿದ. "ಸೂಟಿ ಪಗಾರ ನೋಡವಾ ಸುಶ್ಮಿತಾ. ಗೆಳ್ಯಾರ ಜೋಡಿ ಮಿರ್ಚಿ ತಿಂದು ಬರ್ತೇನಿ," ಎಂದು ಟವೆಲ್ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟ.

"ನಾ ಈ ಮನಿಗೆ ಬಂದ ವರ್ಷ ಅಮಾವಾಸಿ ಹೋಳಿಗಿಗೆ ಬೆಲ್ಲಾನೂ ಉದ್ರಿ ತಂದಿದ್ವಿ," ಎಂದಳು ರತ್ನಾಬಾಯಿ. "ಮಗ್ಗ ನಿಂತ ದಿನಾ ಸಾವ್ಕಾರ ಏನೂ ಕೊಡೂದಿಲ್ಲ. ಹಿಂಗ ತಿಂಗಳಾ ತಿಂಗಳಾ ಉದ್ರಿ ಬೆಳೀತು. ಆಮ್ಯಾಲ ನಾನ ಕೂತು ವಿಚಾರ ಮಾಡಿದೆ. ಅಮಾವಾಸಿ ಅಂದ್ರ ಇದ್ದಿಲಿನಂಗ ಕರೀ ದಿನಾ, ಅದು ಬರೂದು ಮೊದಲ ಗೊತ್ತಿರತೈತಲ್ಲ, ದುಡಿಯೋ ದಿನದಾಗ ಅದರ ಪಗಾರ ತಗದಿಟ್ಟರ ಆತು. ಅವತ್ತಿಂದ ಅಮಾವಾಸಿಗೆ ಉದ್ರಿ ಅಂಗಡಿ ಮೆಟ್ಟಲಾ ಹತ್ತಿಲ್ಲ."

ಸುಶ್ಮಿತಾಗೆ ನಗು ಬಂತು, ನಾಚಿಕೆಯೂ ಆಯಿತು, ತಿಂಗಳಿಂದ ಹೊತ್ತಿದ್ದ ಭಾರ ಇಳಿದು ಕಣ್ಣೂ ತುಂಬಿದವು. ಎದ್ದವಳೇ ಡ್ರಾಯರಿನಿಂದ ಸಾವಿರದಿನ್ನೂರು ತಂದು ಚಾಪೆಯ ಮೇಲೆ ಹರಡಿ, ಅತ್ತೆಯ ಹಾಗೆಯೇ ಮೊದಲು ಇದ್ದಿಲಿಗೆ, ಆಮೇಲೆ ಉಳಿದ ನಾಲ್ಕಕ್ಕೂ ಹಾಕಿದಳು. ಕೊನೆಯ ನೂರರ ನೋಟನ್ನು ಯಾವುದಕ್ಕೂ ಹಾಕದೆ ಅತ್ತೆಯ ಅಂಗೈಯಲ್ಲಿಟ್ಟಳು.

"ಇದ್ಯಾವ ಡಬ್ಬಿದವಾ?"

"ಆರನೇದು, ನಿಮ್ಮದ್ರಿ. ಮಾವಾರ ಮಗ್ಗಕ್ಕ ತಿಂಗಳಿಗೊಂದು ಸೂಟಿ ಐತಿ, ಅದರ ಪಗಾರಾನೂ ಐತಿ. ನಿಮ್ಮ ಸೂಟಿ ಯಾವ ದಿನಾ ಹೇಳ್ರಿ, ಅವತ್ತು ಒಲಿ ನಾ ನೋಡ್ಕೋತೇನಿ."

"ಹುಚ್ಚಿ ಅದಿ ನೋಡು," ಎಂದು ರತ್ನಾಬಾಯಿ ನಕ್ಕಳು. ಆದರೆ ನೋಟನ್ನು ಹಿಂದಕ್ಕೆ ಕೊಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು, ಸೋಮವಾರದಿಂದ ಹಿಡಿದು ಒಂದೊಂದೇ ಬೆರಳು ಮಡಚುತ್ತ ಹೋದಳು. ರವಿವಾರದವರೆಗೂ ಬಂದವಳು ಎಲ್ಲೂ ಬಿಡುವು ಕಾಣದೆ ಗಕ್ಕನೆ ತಡೆದು, ಬೆರಳುಗಳನ್ನೆಲ್ಲ ಬಿಡಿಸಿ ಮತ್ತೆ ಸೋಮವಾರದಿಂದ ಎಣಿಸತೊಡಗಿದಳು.