ಮೇಷ್ಟ್ರ ಗಂಟಲು

ಮೂರನೆಯ ಸಲವೂ ಬೂದಿ ಎಂಬ ಹೆಣ್ಣು ಕುದುರೆ ಅಡ್ಡಕೋಲಿನ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಮೇಲಿದ್ದ ಮೇಷ್ಟ್ರ ಮಗಳು ಅದರ ಕುತ್ತಿಗೆಯವರೆಗೂ ಜಾರಿ, ಜೂಲು ಹಿಡಿದುಕೊಂಡು, ಹೇಗೋ ಬೀಳದೆ ಉಳಿದಳು.

“ಕಣ್ಣು ಎಲ್ಲಿಟ್ಟಿದ್ದೀಯ? ನೆಲ ನೋಡಿದ್ರೆ ನೆಲಕ್ಕೇ ಬೀಳ್ತೀಯ!” ಮೈದಾನದ ನಡುವಿನಿಂದ ಸವಾರಿ ಮೇಷ್ಟ್ರು ಗುಡುಗಿದರು. “ಲಗಾಮು ಜಗ್ಗಬೇಡ, ಹಿಮ್ಮಡಿ ಒತ್ತು ಅಂತ ಎಷ್ಟು ಸಲ ಬಡ್ಕೊಳ್ಳಲಿ?”

“ಎಲ್ಲಾ ಮಾಡಿದೆ ಅಪ್ಪ.”

“ಮಾಡಿದ್ರೆ ಅದು ಹಾರ್ತಿತ್ತು. ನಿನಗೆ ಹೆದರಿಕೆ. ಆವತ್ತು ಬಿದ್ದದ್ದು ಇನ್ನೂ ತಲೆಯಿಂದ ಇಳಿದಿಲ್ಲ.”

ಎರಡು ತಿಂಗಳ ಹಿಂದೆ ಬೇರೊಂದು ಕುದುರೆಯಿಂದ ಬಿದ್ದು ಅವಳ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಗುಣವಾಗಿ ಬಂದು ಬೂದಿಯನ್ನು ಹತ್ತಿದ ದಿನದಿಂದ ಇದೇ ಗೋಳು. ಮಧ್ಯಾಹ್ನಕ್ಕೆ ಲಾರಿ ಬರುವುದಿತ್ತು. ಬೆಳಗ್ಗೆ ಹಾರಿದರೆ ಬೂದಿ ಉಳಿಯುತ್ತದೆ, ಹಾರದಿದ್ದರೆ ಕೊಳ್ಳುವವರ ಪಾಲು ಎಂದು ಮೇಷ್ಟ್ರೇ ಮಾತು ಕೊಟ್ಟಿದ್ದರು.

ಮಗಳು ಇಳಿದು ಹೆಲ್ಮೆಟ್ ತೆಗೆದಳು. “ಬೂದಿನ ಯಾಕೆ ಕಳಿಸ್ತೀಯ? ಧೈರ್ಯ ಇಲ್ಲದಿರೋದು ನನಗೆ. ನಾಳೆಯಿಂದ ನಾನೇ ಬರಲ್ಲ, ಬಿಡು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಲಾಯ ನೋಡಿಕೊಳ್ಳುವ ಅಕ್ಕ ಬಂದು ಬೂದಿಯ ಹಗ್ಗ ಹಿಡಿದು ನಡೆಸಿಕೊಂಡು ಹೊರಟಳು. ಏನಾದರೂ ಹೇಳಲೇಬೇಕೆಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೂದಿ ನಡೆಯುತ್ತಿದ್ದದ್ದು ಗಕ್ಕನೆ ನಿಂತಿತು. ಹಗ್ಗ ಬಿಗಿದು ಅಕ್ಕ ಮುಗ್ಗರಿಸಿದಳು.

“ಮೇಷ್ಟ್ರೇ, ಇನ್ನೊಂದ್ಸಲ ಹಾಗೆ ಮಾಡಿ.”

“ಏನು ಮಾಡ್ಲಿ?”

“ಅದೇ, ಗೊರಗೊರ. ಬೈಯೋಕೆ ಮುಂಚೆ ಮಾಡ್ತೀರಲ್ಲ. ನಿನ್ನೆ ನೀರಿಗೆ ಕರ್ಕೊಂಡು ಹೋಗುವಾಗಲೂ ನೀವು ಹಿಂಗೇ ಮಾಡಿದ್ರಿ, ಇವಳು ಹಿಂಗೇ ನಿಂತ್ಲು. ನಾನು ಕಾಲ್ಬೆರಳು ತುಳಿಸ್ಕೊಂಡಿದ್ದು ಅದಕ್ಕೇ.”

ಅಕ್ಕ ಮತ್ತೆ ನಡೆಸಿದಳು. ಮೇಷ್ಟ್ರು ಗಂಟಲು ಕೆರೆದರು. ಬೂದಿ ನಿಂತಿತು. ಮತ್ತೆ ನಡೆಸಿದಳು, ಮತ್ತೆ ಕೆರೆದರು. ಈ ಸಲ ಅದು ನಾಲ್ಕೂ ಗೊರಸು ಸಮವಾಗಿ ಜೋಡಿಸಿ, ತಲೆ ತಗ್ಗಿಸಿ, ಗೆರೆ ಎಳೆದಂತೆ ನಿಂತುಕೊಂಡಿತು. ಅದನ್ನು ನೋಡಿ ಮೇಷ್ಟ್ರ ಮುಖದ ರಕ್ತ ಇಳಿಯಿತು. ಹೇಳಿದ ಹೆಜ್ಜೆ ಹಾಕಿ, ಹೇಳಿದ ಜಾಗದಲ್ಲಿ ಅಲುಗದೆ ನಿಲ್ಲುವ ಡ್ರೆಸ್ಸಾಜ್ ಪಾಠವನ್ನು ಇಡೀ ಲಾಯದಲ್ಲಿ ಅವರು ಕಲಿಸಿದ್ದು ಬೂದಿ ಒಂದಕ್ಕೇ. ‘ನಿಲ್ಲು’ ಅನ್ನುವ ಮೊದಲು ಪ್ರತಿ ಸಲವೂ ಗಂಟಲು ಸರಿಮಾಡಿಕೊಂಡಿದ್ದರು. ಬುದ್ಧಿವಂತ ಪ್ರಾಣಿ, ಮಾತು ಬರುವವರೆಗೆ ಕಾಯುವುದನ್ನೇ ಬಿಟ್ಟಿತ್ತು.

“ಆದ್ರೆ ಮಗಳು ಹಾರೋಕೆ ಹೋದಾಗ ನಾನ್ಯಾಕೆ ಗಂಟಲು ಕೆರೀಲಿ?”

“ಕೆರೀತೀಯ ಅಪ್ಪ,” ಎಂದಳು ಮಗಳು. “ಕೋಲು ಇನ್ನೇನು ನಾಲ್ಕು ಹೆಜ್ಜೆ ಇದೆ ಅನ್ನುವಾಗ. ಬೇರೆ ಯಾರು ಹಾರಿದ್ರೂ ಮಾಡಲ್ಲ. ನಾನು ಬಿದ್ದ ಮೇಲೆ ಶುರುವಾಗಿದ್ದು.” ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. “ಈಗ ಹೇಳು, ಹೆದರಿಕೆ ಯಾರಿಗೆ?”

ಮಗಳು ಮತ್ತೆ ಹೆಲ್ಮೆಟ್ ಹಾಕಿಕೊಂಡು ಬೂದಿಯನ್ನು ಹತ್ತಿದಳು.

“ನೀವು ಆ ಹುಲ್ಲಿನ ಕೊಟ್ಟಿಗೆ ಹಿಂದೆ ಹೋಗಿ,” ಎಂದಳು ಅಕ್ಕ. “ಕೆಮ್ಮೋದಾದ್ರೆ ಹುಲ್ಲಿನೊಳಗೆ ಕೆಮ್ಮಿ.”

ಇಪ್ಪತ್ತೆರಡು ವರ್ಷ ಮೈದಾನದ ನಡುವೆ ನಿಂತ ಮನುಷ್ಯ ಕೊಟ್ಟಿಗೆಯ ಗೋಡೆಯ ಹಿಂದೆ ಹೋಗಿ ಹೊಟ್ಟಿನ ಚೀಲದ ಮೇಲೆ ಕುಳಿತರು. ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಗೊರಸಿನ ಸದ್ದು ದೂರದಿಂದ ಹತ್ತಿರವಾಯಿತು. ಲಯ ತಪ್ಪಲಿಲ್ಲ. ನಾಲ್ಕು ಹೆಜ್ಜೆ, ಮೂರು, ಎರಡು. ಆಮೇಲೆ ಏನೂ ಇಲ್ಲ. ಅವರ ಉಸಿರೂ ಇಲ್ಲ. ಧಪ್ಪೆಂದು ಮಣ್ಣಿಗೆ ಗೊರಸು ಬಿತ್ತು. ಕೋಲು ಬಿದ್ದ ಸದ್ದು ಕೇಳಲಿಲ್ಲ.

ಅವರು ಓಡಿಬಂದಾಗ ಅಕ್ಕ ಆಗಲೇ ಫೋನಿನಲ್ಲಿದ್ದಳು: “ಲಾರಿ ತರಬೇಡಿ. ಇಲ್ಲ, ನಾಳೆಯೂ ಬೇಡ. ಯಾವತ್ತೂ ಬೇಡ.” ಮಗಳು ಬೂದಿಯ ಬೆವರಿದ ಕುತ್ತಿಗೆ ತಟ್ಟುತ್ತಾ ತಿರುಗಿದಳು. ಅವಳ ಮುಖ ಬೆಳಗುತ್ತಿತ್ತು.

“ಹೇಗಿತ್ತು ಅಪ್ಪ?”

“ನಾನು ನೋಡ್ಲೇ ಇಲ್ಲವಲ್ಲೇ! ಇನ್ನೊಂದ್ಸಲ ಹಾರು, ನೋಡ್ತೀನಿ.”

“ಹಾರ್ತೀನಿ. ನೀನು ಗೋಡೆ ಹಿಂದೆ ಹೋಗು.”

ಮೇಷ್ಟ್ರು ಹೋದರು. ಈ ಸಲ ಬಾಯಿಗೆ ಕೈ ಒತ್ತಿಕೊಳ್ಳದೆ, ಚೀಲಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ಕುಳಿತರು.