ಬೆರಳೆತ್ತಿದ ಅಪ್ಪ

ಬರಬೇಕಿದ್ದವರು ಬರಲಿಲ್ಲವೆಂದು ಮಕ್ಕಳ ಕ್ರಿಕೆಟ್ ಪಂದ್ಯಕ್ಕೆ ಶ್ರೀಪಾದನೇ ಅಂಪೈರಾಗಿ ನಿಂತ. ಅವನ ಮಗನೂ ಆಡುತ್ತಿದ್ದಾನೆಂದು ಗೊತ್ತಾದದ್ದೇ ತಡ, ಹೊರಗೆ ಕೂತ ಎದುರು ತಂಡದ ಮಕ್ಕಳ ಅಪ್ಪ ಅಮ್ಮಂದಿರು ಬಾಯಿಗೆ ಬಂದಂತೆ ಬೈಯತೊಡಗಿದರು.

"ಮಗನ್ನ ಗೆಲ್ಸೋಕೇ ನಿಂತಿರೋದು ಇವ್ನು! ಕಣ್ಣು ಮನೇಲಿಟ್ಟು ಬಂದಿದೀಯೇನೋ?"

ಮಗ ನಲವತ್ತೇಳು ರನ್ ಹೊಡೆದಿದ್ದಾಗ ಚೆಂಡು ಅವನ ಪ್ಯಾಡಿಗೆ ಬಡಿಯಿತು. ಎದುರು ತಂಡದ ಹುಡುಗರೆಲ್ಲ ಔಟೆಂದು ಕೂಗಿದರು. ಶ್ರೀಪಾದ ಬೆರಳೆತ್ತಿದ. ಬೆಳಗಿನಿಂದ ಬೈದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅಂಪೈರ್ ಅಂದ್ರೆ ಹೀಗಿರ್ಬೇಕು!"

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಮಗ ಕೇಳಿದ. "ಅಪ್ಪಾ, ಚೆಂಡು ಮೊದಲು ಬ್ಯಾಟಿಗೆ ತಾಗಿತ್ತು. ಅವರ ಗಲಾಟೇಲಿ ನಿಂಗೆ ಸದ್ದು ಕೇಳಿಸ್ಲಿಲ್ಲ, ಅಲ್ವಾ?"

ಶ್ರೀಪಾದ ಸ್ಕೂಟರು ನಿಲ್ಲಿಸಿದ.

"ಕೇಳಿಸ್ತು ಕಣೋ."